ಮೊಳೆ ಹೊಡೆಯುವ ಹಕ್ಕು

ಬೆಂಗಳೂರಿನ ಯಾವುದಾದರೂ ಹೊಸ ಆಫೀಸಿಗೆ ಇಂಟರ್‌ವ್ಯೂಗೆ ಹೋಗಿ ನೋಡಿ. ರಿಸೆಪ್ಷನ್ ದಾಟಿದ ತಕ್ಷಣ ಒಂದು ಉಯ್ಯಾಲೆ ಇರುತ್ತೆ. ಅದರ ಪಕ್ಕ ನಾಲ್ಕು ಬೀನ್ ಬ್ಯಾಗು, ಒಂದು ಫೂಸ್‌ಬಾಲ್ ಟೇಬಲ್ಲು, ಗೋಡೆ ತುಂಬ ಆಟೋ, ಫಿಲ್ಟರ್ ಕಾಫಿ ಲೋಟ, ವಿಧಾನಸೌಧ ಎಲ್ಲವನ್ನೂ ಸೇರಿಸಿ ಬರೆಸಿದ ಬಣ್ಣಬಣ್ಣದ ಚಿತ್ರ. ಮೀಟಿಂಗ್ ರೂಮುಗಳಿಗೆ ಜೋಗ, ಹಂಪಿ, ಕೊಡಚಾದ್ರಿ ಅಂತ ಹೆಸರು. ಎಚ್ಆರ್‌ನವರು ಸುತ್ತಾಡಿಸಿ ತೋರಿಸ್ತಾ "ನಮ್ಮಲ್ಲಿ ಕ್ರಿಯೇಟಿವಿಟಿಗೆ ತುಂಬಾ ಸ್ಪೇಸ್ ಇದೆ" ಅಂತಾರೆ. ಹನ್ನೊಂದು ವರ್ಷದಲ್ಲಿ ನಾನು ಮೂರು ಕಂಪನಿ ನೋಡಿದ್ದೇನೆ. ಮೂರರಲ್ಲೂ ಉಯ್ಯಾಲೆ ಇತ್ತು. ಅದರ ಮೇಲೆ ಜನ ಕೂತಿದ್ದನ್ನು ನೋಡಿದ್ದು ಮಾತ್ರ ಎರಡೇ ಸಂದರ್ಭದಲ್ಲಿ: ಫೋಟೋ ತೆಗೆಸಿಕೊಳ್ಳುವಾಗ, ಮತ್ತೆ ಆಯುಧಪೂಜೆ ದಿನ ಎಲ್ಲರ ಮಕ್ಕಳೂ ಆಫೀಸಿಗೆ ಬಂದಾಗ.

ಉಯ್ಯಾಲೆಯನ್ನು ಗೇಲಿ ಮಾಡೋದು ಸುಲಭ. ಯಾರೋ ಒಳ್ಳೆ ಮನಸ್ಸಿನಿಂದಲೇ ಅದನ್ನು ಅಲ್ಲಿ ತೂಗುಹಾಕಿರ್ತಾರೆ. ನನಗೆ ಕುತೂಹಲ ಇರೋದು ಅದರ ಮೇಲೆ ಯಾಕೆ ಯಾರೂ ಕೂರಲ್ಲ ಅನ್ನೋದರ ಬಗ್ಗೆ. ಮಧ್ಯಾಹ್ನ 3 ಗಂಟೆಗೆ ಒಬ್ಬಳೇ ಹೋಗಿ ಉಯ್ಯಾಲೆ ಮೇಲೆ ಕೂತು ಸೂರು ನೋಡ್ತಾ ಇದ್ದರೆ ಇವಳೇನೋ ಯೋಚನೆ ಮಾಡ್ತಿದ್ದಾಳೆ ಅಂತ ಯಾರೂ ಅಂದುಕೊಳ್ಳಲ್ಲ, ಇವಳಿಗೆ ಕೆಲಸ ಇಲ್ಲ ಅಂದುಕೊಳ್ತಾರೆ. ಉಯ್ಯಾಲೆ ಬಾ ಅನ್ನುತ್ತೆ, ಸುತ್ತಲಿನ ಕಣ್ಣುಗಳು ಬೇಡ ಅನ್ನುತ್ತವೆ. ಹೊಸದನ್ನು ಯೋಚಿಸೋಕೆ ಎಂಥ ಜಾಗ ಬೇಕು ಅನ್ನೋದನ್ನು ನಾವು ಬಣ್ಣ, ಬೆಳಕು, ಗಿಡ, ಕುರ್ಚಿಯ ಎತ್ತರ ಅಂತ ಇಂಟೀರಿಯರ್‌ನವರ ಪ್ರಶ್ನೆ ಮಾಡಿಕೊಂಡಿದ್ದೇವೆ. ನನಗೆ ಅದು ನ್ಯಾಯದ ಪ್ರಶ್ನೆಯ ಹಾಗೆ ಕಾಣುತ್ತೆ. ಈ ಜಾಗವನ್ನು ಬದಲಾಯಿಸುವ ಹಕ್ಕು ಯಾರಿಗಿದೆ?

ಈ ವಿಷಯ ಬಂದಾಗಲೆಲ್ಲ ಡಿಸೈನ್ ಓದಿದವರು ಒಂದು ಕಟ್ಟಡದ ಕಥೆ ಹೇಳ್ತಾರೆ. ಅಮೆರಿಕದ ಎಂಐಟಿಯಲ್ಲಿ 1943ರಲ್ಲಿ, ಯುದ್ಧದ ಗಡಿಬಿಡಿಯಲ್ಲಿ, ರಾಡಾರ್ ಸಂಶೋಧನೆಗೆ ಅಂತ ಎಬ್ಬಿಸಿದ ಮೂರಂತಸ್ತಿನ ಮರದ ಕಟ್ಟಡ. ಅದಕ್ಕೊಂದು ಹೆಸರೂ ಇರಲಿಲ್ಲ, ನಂಬರ್ ಮಾತ್ರ: ಬಿಲ್ಡಿಂಗ್ 20. ಯುದ್ಧ ಮುಗಿದ ಮೇಲೆ ಕೆಡವೋದು ಅಂತ ಲೆಕ್ಕ. ಕೆಡವಿದ್ದು 1998ರಲ್ಲಿ, 55 ವರ್ಷ ಆದಮೇಲೆ. ಬೇಸಿಗೆಯಲ್ಲಿ ಒಲೆ, ಗಾಳಿ ಬಂದರೆ ಕಿಟಕಿ ಗಡಗಡ, ರೂಮ್ ನಂಬರುಗಳೋ ತಲೆಬುಡ ಇಲ್ಲದ್ದು, ಹೊಸಬರು ದಾರಿ ತಪ್ಪೋದು ಮಾಮೂಲಿ. ಅಂಥ ಕಟ್ಟಡದಲ್ಲಿ ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹಾಲೆ ಕೂತು ಆಧುನಿಕ ಭಾಷಾವಿಜ್ಞಾನ ಕಟ್ಟಿದರು. ಇವತ್ತು ನಮ್ಮ ಕಿವಿಗೆ ಹೆಡ್‌ಫೋನ್ ಹಾಕಿರುವ ಅಮರ್ ಬೋಸ್ ಅಲ್ಲಿ ಸಂಶೋಧನೆ ಮಾಡಿದವರು. ಆಟಿಕೆ ರೈಲಿನ ಹುಚ್ಚಿದ್ದ ಹುಡುಗರ ಕ್ಲಬ್ ಅಲ್ಲೇ ಇತ್ತು, ಹ್ಯಾಕರ್ ಅನ್ನೋ ಪದ ಇವತ್ತಿನ ಅರ್ಥದಲ್ಲಿ ಓಡಾಡತೊಡಗಿದ್ದು ಆ ಹುಡುಗರ ನಡುವೆ.

ಈ ಕಥೆಯಿಂದ ಎಲ್ಲರೂ ತೆಗೆಯೋ ನೀತಿ ಒಂದೇ: ಬೇರೆಬೇರೆ ವಿಷಯದವರು ಕಾರಿಡಾರಿನಲ್ಲಿ ಡಿಕ್ಕಿ ಹೊಡೆದುಕೊಂಡರೆ ಐಡಿಯಾ ಹುಟ್ಟುತ್ತೆ, ಆದ್ದರಿಂದ ಜನ ಡಿಕ್ಕಿ ಹೊಡೆಯೋ ಹಾಗೆ ಕಟ್ಟಡ ಕಟ್ಟಿ. ಕಾಫಿ ಮೆಷಿನ್ ಒಂದೇ ಇಡಿ, ಮೆಟ್ಟಿಲು ಮಧ್ಯಕ್ಕೆ ತನ್ನಿ. ಅದೂ ಸರಿ ಇರಬಹುದು. ಆದರೆ ಬಿಲ್ಡಿಂಗ್ 20ರ ಬಗ್ಗೆ ಸ್ಟುವರ್ಟ್ ಬ್ರ್ಯಾಂಡ್ ತಮ್ಮ ಕಟ್ಟಡಗಳ ಪುಸ್ತಕದಲ್ಲಿ ಬರೆದಿದ್ದನ್ನು ಓದಿದಾಗ ನನ್ನನ್ನು ಹಿಡಿದಿದ್ದು ಇನ್ನೊಂದು ಸಂಗತಿ. ಜೆರಾಲ್ಡ್ ಜಕಾರಿಯಾಸ್ ಅನ್ನೋ ಭೌತವಿಜ್ಞಾನಿ ಅಲ್ಲಿ ಪರಮಾಣು ಗಡಿಯಾರದ ಮೇಲೆ ಕೆಲಸ ಮಾಡ್ತಿದ್ದರು. ಉಪಕರಣ ಮೂರು ಮಹಡಿ ಎತ್ತರ. ರೂಮಿನಲ್ಲಿ ಹಿಡಿಸಲಿಲ್ಲ. ಅವರು ಮೇಲಿನ ಎರಡು ಮಹಡಿಯ ನೆಲವನ್ನೇ ತೆಗೆಸಿಬಿಟ್ಟರು. ವೈರ್ ಎಳೀಬೇಕಾ, ಗೋಡೆಗೆ ತೂತು ಕೊರಿ. ಪಕ್ಕದ ರೂಮು ಬೇಕಾ, ಗೋಡೆ ಬೀಳಿಸು. ಹೇಗೂ ಕೆಡವೋ ಕಟ್ಟಡ, ಯಾರು ಕೇಳ್ತಾರೆ? ಇವತ್ತಿನ ಆಫೀಸಿನಲ್ಲಿ ನಾನು ಒಂದು ಕ್ಯಾಲೆಂಡರ್ ತೂಗುಹಾಕೋಕೆ ಮೊಳೆ ಹೊಡೆದರೆ ಫೆಸಿಲಿಟೀಸ್‌ನವರಿಂದ ಮೇಲ್ ಬರುತ್ತೆ.

ಆ ಜಾಗದಲ್ಲಿ ಈಗಿರೋದು ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ ಸ್ಟಾಟಾ ಸೆಂಟರ್, 2004ರಲ್ಲಿ ಶುರುವಾದದ್ದು. ಗೋಡೆಗಳೆಲ್ಲ ವಾಲಿಕೊಂಡು, ಕುಣಿದ ಹಾಗೆ ಇರುವ ಪ್ರಸಿದ್ಧ ಕಟ್ಟಡ. ಮೂರು ವರ್ಷದಲ್ಲಿ ಸೋರಿಕೆ ವಿಷಯಕ್ಕೆ ಎಂಐಟಿಯೇ ವಾಸ್ತುಶಿಲ್ಪಿಯ ಮೇಲೆ ಕೇಸು ಹಾಕಿತು, ಆಮೇಲೆ ರಾಜಿಯಾಯಿತು. ಸೋರೋದು ದೊಡ್ಡ ವಿಷಯ ಅಲ್ಲ ಬಿಡಿ, ಹಳೆಯದರಲ್ಲೂ ಸುಖ ಏನಿರಲಿಲ್ಲ. ನನ್ನ ಯೋಚನೆ ಬೇರೆ. ಕಟ್ಟಿದವನ ಕಲ್ಪನೆಯೇ ಅಷ್ಟೊಂದು ತುಂಬಿಕೊಂಡಿರುವ ಗೋಡೆಗೆ ಗರಗಸ ಹಿಡಿಯೋ ಧೈರ್ಯ ಯಾವ ಪಿಎಚ್‌ಡಿ ಹುಡುಗನಿಗೆ ಬರುತ್ತೆ?

ಒಳ್ಳೆ ಉದ್ದೇಶ ಇದ್ದವರ ಕೈಯಲ್ಲೂ ಇದು ಹೇಗೆ ಎಡವಟ್ಟಾಗುತ್ತೆ ಅನ್ನೋದಕ್ಕೆ ಕ್ಯೂಬಿಕಲ್ ಸಾಕ್ಷಿ. ರಾಬರ್ಟ್ ಪ್ರಾಪ್ಸ್ಟ್ ಅನ್ನೋರು ಹರ್ಮನ್ ಮಿಲ್ಲರ್ ಕಂಪನಿಗೆ 1960ರ ದಶಕದಲ್ಲಿ ಆ್ಯಕ್ಷನ್ ಆಫೀಸ್ ಅನ್ನೋ ಪೀಠೋಪಕರಣ ರೂಪಿಸಿದರು. 1968ರ ಆವೃತ್ತಿಯಲ್ಲಿ ಸರಿಸಬಹುದಾದ ಅಡ್ಡಹಲಗೆಗಳು, ಎತ್ತರ ಬದಲಿಸಬಹುದಾದ ಕಪಾಟುಗಳು. ಕೆಲಸ ಮಾಡುವವನು ತನ್ನ ಕೆಲಸಕ್ಕೆ ತಕ್ಕಂತೆ ತಾನೇ ಜೋಡಿಸಿಕೊಳ್ಳಲಿ ಅನ್ನೋದು ಅವರ ಆಸೆ. ಕೊಂಡುಕೊಂಡ ಕಂಪನಿಗಳು ಏನು ಮಾಡಿದವು? ಅಗಲ ಕೋನದಲ್ಲಿ ತೆರೆದುಕೊಳ್ಳಬೇಕಿದ್ದ ಹಲಗೆಗಳನ್ನು ನೇರ ಚೌಕಕ್ಕೆ ಕೂಡಿಸಿ, ಒಂದು ಮಹಡಿಯಲ್ಲಿ ಎಷ್ಟು ಜನ ಹಿಡಿಸ್ತಾರೋ ಅಷ್ಟು ಡಬ್ಬಿ ಮಾಡಿದವು. ಸರಿಸಬಹುದಾದ ಹಲಗೆಯನ್ನು ಸರಿಸುವ ಅಧಿಕಾರ ಮಾತ್ರ ಒಳಗೆ ಕೂತವನಿಗೆ ಬರಲಿಲ್ಲ. ಪ್ರಾಪ್ಸ್ಟ್ ಕೊನೆಗಾಲದಲ್ಲಿ ಇದನ್ನು ನೋಡಿ ಬಹಳ ನೊಂದುಕೊಂಡರು.

ಇನ್ನೊಂದು ತುದಿಯಲ್ಲಿ ಲಾಸ್ ಏಂಜಲೀಸಿನ ಷಯಟ್ ಡೇ ಅನ್ನೋ ಜಾಹೀರಾತು ಕಂಪನಿ. 1990ರ ದಶಕದ ನಡುವೆ ಅಲ್ಲಿ ಯಾರಿಗೂ ಸ್ವಂತ ಮೇಜು ಬೇಡ ಅಂತ ತೀರ್ಮಾನ ಆಯಿತು. ಬೆಳಗ್ಗೆ ಬಂದು ಲ್ಯಾಪ್‌ಟಾಪು, ಫೋನು ಇಸ್ಕೊಂಡು ಎಲ್ಲಿ ಬೇಕೋ ಅಲ್ಲಿ ಕೂರಬೇಕು, ಸಂಜೆ ವಾಪಸ್ ಕೊಟ್ಟು ಹೋಗಬೇಕು. ನಮ್ಮ ಇವತ್ತಿನ ಹಾಟ್ ಡೆಸ್ಕಿಂಗ್‌ನ ಅಜ್ಜ. ಜನ ಫೈಲುಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದರು. ಕೆಲವೇ ವರ್ಷದಲ್ಲಿ ಆ ಪ್ರಯೋಗ ಕೈಬಿಟ್ಟರು. ಮನುಷ್ಯ ಬೆಕ್ಕಿನ ಜಾತಿ, ಒಂದು ಮೂಲೆ ಹಿಡಿದುಕೊಳ್ಳದೆ ಅವನಿಗೆ ನಿದ್ದೆಯೂ ಬರಲ್ಲ, ಯೋಚನೆಯೂ ಬರಲ್ಲ.

ಈ ಬೆಕ್ಕಿನ ಮಾತಿಗೆ ಒಂದು ಪ್ರಯೋಗದ ಆಧಾರವೂ ಇದೆ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸಾಂಡರ್ ಹ್ಯಾಸ್ಲಮ್ 2010ರಲ್ಲಿ ಪ್ರಕಟಿಸಿದ್ದು. ನಾಲ್ಕು ಥರದ ಕೋಣೆ, ಒಂದೇ ಥರದ ಕೆಲಸ. ಮೊದಲನೆಯದು ಬೋಳು: ಮೇಜು, ಕುರ್ಚಿ, ಕೆಲಸಕ್ಕೆ ಬೇಕಾದಷ್ಟು ಮಾತ್ರ. ಎರಡನೆಯದರಲ್ಲಿ ಗಿಡ, ಚಿತ್ರಗಳನ್ನು ಸಂಶೋಧಕರೇ ಚೆಂದವಾಗಿ ಜೋಡಿಸಿದ್ದರು. ಮೂರನೆಯದರಲ್ಲಿ ಅದೇ ಗಿಡ, ಅದೇ ಚಿತ್ರಗಳನ್ನು ಕೊಟ್ಟು, ನಿಮಗೆ ಬೇಕಾದ ಹಾಗೆ ಇಟ್ಟುಕೊಳ್ಳಿ ಅಂದರು. ಬೋಳು ಕೋಣೆಗಿಂತ ಅಲಂಕರಿಸಿದ ಕೋಣೆಯಲ್ಲಿ ಕೆಲಸ ಸುಮಾರು ಶೇ. 17 ಹೆಚ್ಚು ಆಯಿತು. ತಾವೇ ಜೋಡಿಸಿಕೊಂಡ ಕೋಣೆಯಲ್ಲಿ ಸುಮಾರು ಶೇ. 32.

ನಾಲ್ಕನೆಯ ಕೋಣೆ ನನ್ನ ತಲೆಯಿಂದ ಹೋಗಿಲ್ಲ. ಅಲ್ಲಿಯೂ ಜನರಿಗೆ ಬೇಕಾದ ಹಾಗೆ ಜೋಡಿಸಿಕೊಳ್ಳಿ ಅಂದರು. ಜೋಡಿಸಿಕೊಂಡರು. ಆಮೇಲೆ ಸಂಶೋಧಕರು ಒಳಗೆ ಬಂದು, ಥ್ಯಾಂಕ್ಯೂ ಅಂತ ಹೇಳಿ, ಎಲ್ಲವನ್ನೂ ತಮ್ಮ ಪ್ಲ್ಯಾನಿನಂತೆ ಮತ್ತೆ ಜೋಡಿಸಿಟ್ಟರು. ನೋಡೋಕೆ ಈಗ ಅದು ಎರಡನೆಯ ಕೋಣೆಯ ಹಾಗೇ ಇದೆ. ಅದೇ ಗಿಡ, ಅದೇ ಚಿತ್ರ, ಅದೇ ಅಂದ. ಆದರೆ ಹೆಚ್ಚಿದ ಕೆಲಸವೆಲ್ಲ ಮಾಯ. ಅಂದರೆ ವ್ಯತ್ಯಾಸ ಗಿಡದಲ್ಲಿ ಇರಲಿಲ್ಲ. ಯಾರ ಕೈ ಅದನ್ನು ಅಲ್ಲಿಟ್ಟಿತು, ಯಾರ ಕೈ ಅದನ್ನು ಎತ್ತಿತು ಅನ್ನೋದರಲ್ಲಿತ್ತು. (ಅಲ್ಲಿ ಕೊಟ್ಟ ಕೆಲಸ ಕಾರ್ಡು ವಿಂಗಡಿಸೋ ಥರದ್ದು. ಕಥೆ, ಕವಿತೆ ಬರೆಯೋದಲ್ಲ. ಆದರೂ ಕಾರ್ಡು ವಿಂಗಡಿಸೋಕೇ ಮನಸ್ಸು ಮುರಿದರೆ, ಕವಿತೆಯ ಗತಿ ಏನು?)

ಇಷ್ಟೆಲ್ಲ ನಾನು ಓದಿಕೊಂಡಿದ್ದು ಸುಮ್ಮನೆ ಅಲ್ಲ. ನಮ್ಮ ಕಂಪನಿ ಬರುವ ಏಪ್ರಿಲ್ಲಿಗೆ ಹೊಸ ಕಟ್ಟಡಕ್ಕೆ ಹೋಗ್ತಿದೆ. 140 ಜನ, 90 ಸೀಟು. ಹೊಸ ಫ್ಲೋರು ಹೇಗಿರಬೇಕು ಅಂತ ತೀರ್ಮಾನಿಸೋ ಆರು ಜನರ ಕಮಿಟಿಯಲ್ಲಿ ನಾನೂ ಒಬ್ಬಳು. ಆ್ಯಪ್ ಡಿಸೈನ್ ಮಾಡೋಳಿಗೆ ಆಫೀಸೂ ಡಿಸೈನ್ ಮಾಡೋಕೆ ಬರುತ್ತೆ ಅನ್ನೋ ನಂಬಿಕೆ ಇರಬೇಕು. ಆರೂ ಜನಕ್ಕೆ ಒಂದೊಂದು ಅಭಿಪ್ರಾಯ: ಒಬ್ಬರಿಗೆ ಗಿಡ, ಒಬ್ಬರಿಗೆ ನಿದ್ದೆ ಮಾಡೋ ಪಾಡ್, ಒಬ್ಬರಿಗೆ ಗೋಡೆ ಮೇಲೆ ಬರೆಯೋ ಬಣ್ಣ.

ನಾನು ಕೇಳಿದ್ದು ಎರಡು. ಒಂದು, ಫ್ಲೋರಿನ ಒಂದು ಭಾಗಕ್ಕೆ ಏನೂ ಮಾಡಬೇಡಿ. ಬಣ್ಣ ಬೇಡ, ಫರ್ನಿಚರ್ ಬೇಡ, ಹೆಸರೂ ಬೇಡ. ಮೊಳೆ ಹೊಡೀಬಹುದು, ಹಲಗೆ ತಂದಿಡಬಹುದು ಅಂತ ಮಾತ್ರ ಬರೆದು ಹಾಕಿ. ಇನ್ನೊಂದು, ಹೌಸ್‌ಕೀಪಿಂಗ್‌ನವರಿಗೆ ಒಂದು ರೂಮು ಕೊಡಿ. ಎರಡನೆಯದು ಕೇಳಿದ ತಕ್ಷಣ ಒಬ್ಬರು ನಿಜವಾಗಿಯೂ ಗೊಂದಲದಿಂದ ಕೇಳಿದರು: "ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಅದು ಬೇರೆ ವಿಷಯ ಅಲ್ವಾ? ನಾವು ಮಾತಾಡ್ತಿರೋದು ಕ್ರಿಯೇಟಿವ್ ಸ್ಪೇಸ್ ಬಗ್ಗೆ."

ಬೇರೆ ವಿಷಯ ಯಾಕೆ ಅಲ್ಲ ಅಂತ ಹೇಳ್ತೀನಿ. ನಮ್ಮ ಫ್ಲೋರಿನಲ್ಲಿ ಕೆಲಸ ಮಾಡೋ ಅಕ್ಕ ಒಬ್ಬರಿದ್ದಾರೆ, ತಿಪಟೂರು ಕಡೆಯವರು. ಪ್ಯಾಂಟ್ರಿಯ ಕಸದಬುಟ್ಟಿಗೆ ಜನ ಅರ್ಧ ಕುಡಿದ ಟೀ ಕಪ್ಪನ್ನು ಹಾಗೇ ಎಸೀತಾರೆ. ಸಂಜೆ ಕವರ್ ಎತ್ತಿದರೆ ತಳ ಹರಿದು ಕಾರಿಡಾರ್ ಉದ್ದಕ್ಕೂ ಟೀ ಸೋರುತ್ತೆ. ಅಕ್ಕ ಒಂದು ದಿನ ಹಳೇ ಬಕೆಟ್ಟಿನ ಮೇಲೆ ಒಂದು ಪ್ಲಾಸ್ಟಿಕ್ ಜರಡಿ ಕೂರಿಸಿ ಬುಟ್ಟಿ ಪಕ್ಕ ಇಟ್ಟರು. ಯಾರಿಗೂ ಏನೂ ಹೇಳಲಿಲ್ಲ, ಬೋರ್ಡೂ ಹಾಕಲಿಲ್ಲ. ಜರಡಿ ನೋಡಿದರೆ ಕೈ ತಾನಾಗಿ ಟೀ ಅಲ್ಲಿ ಸುರಿದು, ಕಪ್ಪು ಬುಟ್ಟಿಗೆ ಹಾಕುತ್ತೆ. ಎರಡೇ ದಿನದಲ್ಲಿ ಸೋರೋದು ನಿಂತುಹೋಯಿತು. ನಾನು ಸಂಬಳ ತಗೊಳ್ಳೋದು ಇದಕ್ಕೇ ಸ್ವಾಮಿ: ಮಾತಿಲ್ಲದೆ ಜನ ಸರಿಯಾದ ಜಾಗಕ್ಕೆ ಕೈ ಹಾಕೋ ಹಾಗೆ ಮಾಡೋದಕ್ಕೆ. ಎರಡು ವಾರ ಆದಮೇಲೆ ಆಡಿಟ್ ಬಂತು. ಬಕೆಟ್ಟು, ಜರಡಿ ಪಟ್ಟಿಯಲ್ಲಿ ಇಲ್ಲದ ವಸ್ತುಗಳು, ನೋಡೋಕೂ ಚೆನ್ನಾಗಿಲ್ಲ ಅಂತ ತೆಗೆಸಿದರು. ಮಾರನೆಯ ದಿನದಿಂದ ಮತ್ತೆ ಟೀ ಸೋರತೊಡಗಿತು. ಅಕ್ಕ ಮತ್ತೆ ಹಿಂದೆ ಮಾಪ್ ಹಿಡ್ಕೊಂಡು ನಡೆದರು.

ಇದು ಆ ನಾಲ್ಕನೆಯ ಕೋಣೆಯೇ. ನಮ್ಮ ಆಫೀಸಿನಲ್ಲಿ ಕೆಲವರು ಒಂದನೆಯ ಕೋಣೆಯಲ್ಲಿದ್ದಾರೆ, ಹೆಚ್ಚಿನವರು ಎರಡನೆಯದರಲ್ಲಿ. ಇವರನ್ನು ನೇರ ನಾಲ್ಕಕ್ಕೆ ಕೂರಿಸಿದ್ದೇವೆ. ಕೂರಿಸಿದ್ದೇವೆ ಅನ್ನೋದೂ ಮಾತಿಗೆ ಅಷ್ಟೇ, ಅವರು ಊಟ ಮಾಡೋದು ಫೈರ್ ಎಕ್ಸಿಟ್‌ನ ಮೆಟ್ಟಿಲ ಮೇಲೆ. ಕೆಲಸದ ಹೊತ್ತಿನಲ್ಲಿ ಕೂರೋದು ಹಕ್ಕಾಗಬೇಕಾದರೆ ಹೋರಾಟವೇ ಬೇಕಾಗುತ್ತೆ. ಕೋಝಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇರಳ ಕಾನೂನು ತಿದ್ದಿ, ಅಂಗಡಿಯಲ್ಲಿ ದುಡಿಯುವವರಿಗೆ ಕುರ್ಚಿ ಕೊಡಲೇಬೇಕು ಅಂದಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ನಾವು ಕುರ್ಚಿಯ ಬೆನ್ನಿಗೆ ಎಷ್ಟು ಡಿಗ್ರಿ ಬಾಗು ಇರಬೇಕು ಅಂತ ಮೂರು ವಾರ ಚರ್ಚೆ ಮಾಡುವಾಗ ಇದು ನೆನಪಿರೋದು ಒಳ್ಳೇದು.

ಕ್ರಿಯಾಶೀಲತೆ ಅಂದರೆ ಕೆಲವರ ಜಾಬ್ ಡಿಸ್ಕ್ರಿಪ್ಷನ್ನಿನಲ್ಲಿ ಇರೋ ಗುಣ, ಉಳಿದವರಿಗೆ ಅದು ಇಲ್ಲ ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಆ ಕೆಲವರಿಗಾಗಿ ಜಾಗ ಮಾಡ್ತೀವಿ. ಇದು ನನಗೆ ಹೊಸದಾಗಿ ಹೊಳೆದಿದ್ದೇನಲ್ಲ, ಮನೆಯಲ್ಲೇ ನೋಡಿದ್ದು. 2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಒಂದು ರೂಮು ನನ್ನ ಗಂಡನ ಆಫೀಸಾಯಿತು, ಕ್ಲೈಂಟ್ ಕಾಲ್ ಇರುತ್ತಲ್ಲ. ಡೈನಿಂಗ್ ಟೇಬಲ್ ನನ್ನದಾಯಿತು. ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದ ಅತ್ತೆ ಟಿವಿಯ ಸದ್ದು ಪೂರ್ತಿ ತೆಗೆದು, ಬರೀ ಚಿತ್ರ ನೋಡ್ತಾ ಧಾರಾವಾಹಿ ಮುಗಿಸ್ತಿದ್ದರು. ಕುಕ್ಕರ್ ಕೂಗೋದು ನಮ್ಮ ಮೀಟಿಂಗಿಗೆ ಅಡ್ಡ ಬರುತ್ತೆ ಅಂತ ಅನ್ನವನ್ನು ಪಾತ್ರೆಯಲ್ಲಿ ಬೇಯಿಸೋಕೆ ಶುರು ಮಾಡಿದರು. ಆ ವರ್ಷ ನಾನು ಮಾಡಿದ ಒಂದು ಡಿಸೈನಿಗೆ ಆಫೀಸಿನಲ್ಲಿ ಬಹುಮಾನ ಬಂತು. ಅದರ ಹಿಂದೆ ನಿಶ್ಶಬ್ದವಾಗಿ ಬೆಂದ ಎಷ್ಟು ಪಾತ್ರೆ ಅನ್ನ ಇದೆ ಅಂತ ಆ ಸರ್ಟಿಫಿಕೇಟಿನಲ್ಲಿ ಬರೆದಿಲ್ಲ. ಹೆಣ್ಣು ಬರೀಬೇಕಾದರೆ ವರ್ಷಕ್ಕೆ 500 ಪೌಂಡ್ ಆದಾಯ, ಬೀಗ ಇರುವ ಒಂದು ಕೋಣೆ ಬೇಕು ಅಂತ ವರ್ಜೀನಿಯಾ ವುಲ್ಫ್ 1929ರಲ್ಲೇ ವಾದಿಸಿದ್ದರು. ಆ ಲೆಕ್ಕದಲ್ಲಿ ಬಾಗಿಲ ಹೊರಗೆ ಸದ್ದು ತಡೆದು ನಿಂತವರಿಗೂ ಒಂದು ಕೋಣೆ ಸೇರಿಸಬೇಕು ಅಂತ ನನ್ನ ಅಭಿಪ್ರಾಯ.

ಅತ್ತೆಗೆ ನಾನು ಈ ಕಮಿಟಿ ವಿಷಯ ಹೇಳಿದಾಗ ಅವರಿಗೆ ನೆನಪಾಗಿದ್ದು ಸುಭಾಸ ರೋಡಿನ ಅಟ್ಟ. ಧಾರವಾಡದವರಿಗೆ ಬಿಡಿಸಿ ಹೇಳೋದು ಬೇಡ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯ ಕಚೇರಿ ಇದ್ದದ್ದು ಪೇಟೆ ನಡುವಿನ ಒಂದು ಅಟ್ಟದ ಮೇಲೆ. ಕೀರ್ತಿನಾಥ ಕುರ್ತಕೋಟಿ ಅಲ್ಲಿ ಕೂರುತ್ತಿದ್ದರು, ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಪುಸ್ತಕವಾಗಿದ್ದು ಗ್ರಂಥಮಾಲೆಯಿಂದಲೇ. ಕನ್ನಡ ಸಾಹಿತ್ಯದ ಎಷ್ಟೋ ಹಸ್ತಪ್ರತಿಗಳು ಆ ಅಟ್ಟ ಹತ್ತಿ, ಪುಸ್ತಕವಾಗಿ ಕೆಳಗಿಳಿದಿವೆ. ಯಾವ ಡಿಸೈನರೂ ಅದನ್ನು ರೂಪಿಸಿರಲಿಲ್ಲ. ಬಂದವರಿಗೆ ಕೂರೋಕೆ ಜಾಗ, ಮಾತಿಗೆ ಹೊತ್ತುಗೊತ್ತಿಲ್ಲ, ಅಷ್ಟೇ. ನಾನು ಬಹಳ ಉತ್ಸಾಹದಿಂದ, ನೋಡಿ ಅತ್ತೆ, ಇದೇ ನಾನು ಹೇಳ್ತಿರೋದು ಅಂದೆ. ಅವರು ಅವರೆಕಾಯಿ ಬಿಡಿಸ್ತಾ, "ಹೌದವಾ, ಸಂತಿಗೆ ಹೋಗಬೇಕಾದ್ರ ದಿನಾ ಅದರ ಮುಂದನ ಹೋಗ್ತಿದ್ದೆ. ಒಮ್ಮಿನೂ ಹತ್ತಲಿಲ್ಲ. ನಮಗ ಅಲ್ಲೇನು ಕೆಲಸ?" ಅಂದರು. ದೂರು ಹೇಳುವ ಧ್ವನಿ ಅದಾಗಿರಲಿಲ್ಲ. ಆದರೆ ಅವರು ಪುಸ್ತಕದ ಹುಚ್ಚಿನವರು, ಗ್ರಂಥಮಾಲೆಯ ಪುಸ್ತಕಗಳನ್ನು ಇಟ್ಟುಕೊಂಡು ಓದಿದವರು. ಅಟ್ಟಕ್ಕೆ ಬಾಗಿಲು ಯಾರೂ ಹಾಕಿರಲಿಲ್ಲ, ಹತ್ತಬಹುದು ಅಂತ ಅವರಿಗೆ ಯಾರೂ ಹೇಳಿಯೂ ಇರಲಿಲ್ಲ.

ಇದೇ ಅತ್ತೆ ನಮ್ಮ ಮನೆಗೆ ಬಂದು ಎರಡು ವರ್ಷ ಆದಮೇಲೂ, ತಮ್ಮ ರೂಮಿನ ಗೋಡೆಗೆ ಪಂಚಾಂಗ ತೂಗುಹಾಕೋಕೆ "ಮೊಳಿ ಹೊಡೀಲೇನವಾ?" ಅಂತ ಕೇಳಿದ್ದರು. ನಿಮ್ಮದೇ ಮನೆ, ಕೇಳೋದೇನು ಅಂದೆವು ನಾನೂ ನನ್ನ ಗಂಡನೂ, ಒಟ್ಟಿಗೆ. "ಕೇಳಬೇಕಾಗತದ," ಅಂದರು.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಹೇಳಬೇಕು, ಅದರಲ್ಲಿ ಹುರುಳಿದೆ. 140 ಜನಕ್ಕೂ ಮೊಳೆ ಹೊಡೆಯೋ ಹಕ್ಕು ಕೊಟ್ಟರೆ ಏನಾಗುತ್ತೆ? ಒಬ್ಬರ ಪಾಡ್‌ಕಾಸ್ಟು ಇನ್ನೊಬ್ಬರ ತಲೆನೋವು. ಒಂದು ಟೀಮು ತನ್ನ ಮೂಲೆಯಲ್ಲಿ ಗಣಪತಿ ಇಟ್ಟು ಊದಿನಕಡ್ಡಿ ಹಚ್ಚುತ್ತೆ, ಪಕ್ಕದಲ್ಲಿ ಆಸ್ತಮಾ ಇರೋರು ಕೂತಿರ್ತಾರೆ. ಇನ್ನೊಂದು ಟೀಮಿಗೆ ಬೇರೆ ದೇವರು, ಮತ್ತೊಬ್ಬರಿಗೆ ದೇವರೇ ಬೇಡ. ಗೋಡೆ ಮೇಲೆ ಯಾರ ಭಾಷೆ? ಬೆಂಗಳೂರಿನ ಆಫೀಸಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳೋಕೆ ಯಾವ ಮ್ಯಾನೇಜರ್ ತಯಾರಿದ್ದಾರೆ? ನಮ್ಮ ಕಮಿಟಿಯ ಒಬ್ಬರು ಹೇಳಿದ ಹಾಗೆ, "ಎಲ್ಲರಿಗೂ ಸ್ವಾತಂತ್ರ್ಯ ಕೊಟ್ರೆ ಜೋರಾಗಿ ಮಾತಾಡೋರಿಗೆ ಮಾತ್ರ ಸಿಗುತ್ತೆ." ಇದನ್ನು ನಾನು ತಳ್ಳಿಹಾಕಲಾರೆ. ಜಾಗವನ್ನು ಬದಲಾಯಿಸೋ ಹಕ್ಕು ಜಗಳ ತರುತ್ತೆ. ಆ ಜಗಳದಲ್ಲಿ ಕೂತು ಮಾತಾಡೋಕೆ ಸಮಯ ಬೇಕು, ತಾಳ್ಮೆ ಬೇಕು, ಒಬ್ಬರು ಇನ್ನೊಬ್ಬರಿಗೆ ಸ್ವಲ್ಪ ಸೋಲಬೇಕು. ಕಂಪನಿಗಳು ಉಯ್ಯಾಲೆ ಕೊಳ್ಳೋದು ಬಹುಶಃ ಇದನ್ನು ತಪ್ಪಿಸಿಕೊಳ್ಳೋಕೇ. ಉಯ್ಯಾಲೆ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇಲ್ಲವಲ್ಲ.

ಆದರೆ ಜಗಳ ತಪ್ಪಿಸಿದರೆ ಜನ ಹತ್ತಿರ ಬರ್ತಾರೆ ಅಂತೇನೂ ಇಲ್ಲ. ಗೋಡೆಗಳನ್ನೆಲ್ಲ ತೆಗೆದು ಓಪನ್ ಆಫೀಸ್ ಮಾಡಿದ ಎರಡು ದೊಡ್ಡ ಕಂಪನಿಗಳಲ್ಲಿ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಜನರ ಕೊರಳಿಗೆ ಸೆನ್ಸರ್ ಹಾಕಿ ಅಳೆದರು, 2018ರಲ್ಲಿ ಪ್ರಕಟವಾಯಿತು. ಮುಖಾಮುಖಿ ಮಾತು ಸುಮಾರು ಶೇ. 70 ಕಡಿಮೆಯಾಗಿತ್ತು, ಮೇಲು, ಚಾಟು ಹೆಚ್ಚಾಗಿತ್ತು. ಗೋಡೆ ಕಿತ್ತುಕೊಂಡರೆ ಮನುಷ್ಯ ಹೆಡ್‌ಫೋನ್ ಹಾಕಿ ತನ್ನದೇ ಗೋಡೆ ಕಟ್ಟಿಕೊಳ್ತಾನೆ. ಹಾಗಂತ ವಿನ್ಯಾಸವೇ ವ್ಯರ್ಥ ಅಂತ ನಾನು ಹೇಳ್ತಿಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂಗೆ ಹೋಗಿದ್ದರೆ ಗೊತ್ತಿರುತ್ತೆ. ಬಿ.ವಿ. ದೋಶಿ ಅಲ್ಲಿ ಕಲ್ಲಿನ ಕಾರಿಡಾರುಗಳನ್ನು ಬರೀ ನಡೆಯೋಕೆ ಬೇಕಾದ್ದಕ್ಕಿಂತ ಅಗಲ ಮಾಡಿ, ಅಲ್ಲಲ್ಲಿ ಬಿಸಿಲು, ಬಳ್ಳಿ, ಕೂರೋಕೆ ಕಟ್ಟೆ ಬಿಟ್ಟಿದ್ದಾರೆ. ಇಲ್ಲಿ ಕೂತು ಕ್ರಿಯೇಟಿವ್ ಆಗಿ ಅಂತ ಯಾವ ಬೋರ್ಡೂ ಇಲ್ಲ. ಆ ಜಾಗದಲ್ಲಿ ಏನು ಮಾಡಬೇಕು ಅನ್ನೋದನ್ನು ಅವರು ನಡೆಯುವವರಿಗೇ ಬಿಟ್ಟಿದ್ದಾರೆ. ನಮ್ಮ ಹೊಸ ಫ್ಲೋರಿನಲ್ಲಿ ಕಾರಿಡಾರ್ ಅಗಲ ಮಾಡೋ ಆಸೆ ಇಲ್ಲ, ಚದರಡಿಯ ಬಾಡಿಗೆ ಹಾಗಿದೆ.

ಈಗ ನನ್ನ ಕಷ್ಟಕ್ಕೆ ಬರ್ತೀನಿ. ನನ್ನ ಎರಡೂ ಬೇಡಿಕೆ ಮುಂದಿನ ಮೀಟಿಂಗಿನಲ್ಲಿ ತೀರ್ಮಾನ ಆಗಬೇಕು. ಕಮಿಟಿಯ ಗೆಳತಿಯೊಬ್ಬಳು, "ನೀನು ಮೊದಲ ಸ್ಲೈಡಿನಲ್ಲೇ ಶೇ. 32 ಅಂತ ದೊಡ್ಡದಾಗಿ ಹಾಕು, ಫೈನಾನ್ಸ್‌ನವರು ಅಲ್ಲೇ ಒಪ್ಕೋತಾರೆ" ಅಂದಳು. ಅವಳು ಹೇಳಿದ್ದು ನಿಜ. ಆದರೂ ನನಗೆ ಕೈ ಬರ್ತಿಲ್ಲ. ಒಬ್ಬ ಮನುಷ್ಯ ದಿನದ ಒಂಬತ್ತು ಗಂಟೆ ಕಳೆಯೋ ಜಾಗದ ಮೇಲೆ ಅವನಿಗೆ ಒಂದಿಷ್ಟು ಹಕ್ಕಿರಬೇಕು ಅನ್ನೋದಕ್ಕೆ ಅವನು ಹೆಚ್ಚು ಕೆಲಸ ಮಾಡ್ತಾನೆ ಅನ್ನೋದೇ ಕಾರಣವಾದರೆ, ಮುಂದಿನ ವರ್ಷ ಇನ್ಯಾವುದೋ ಅಧ್ಯಯನ ಬಂದು ಬೋಳು ಕೋಣೆಯೇ ಒಳ್ಳೇದು ಅಂದಾಗ ಏನು ಮಾಡೋದು? ಆ ಹಕ್ಕನ್ನು ವಾಪಸ್ ಇಸ್ಕೋಬೇಕಾಗುತ್ತೆ. ಹಸುವಿಗೆ ಸಂಗೀತ ಹಾಕಿದರೆ ಹಾಲು ಜಾಸ್ತಿ ಕೊಡುತ್ತೆ ಅಂತ ಹಾಕಿದ ಹಾಗೆ. ಅಲ್ಲಿ ಹಸುವಿಗೆ ಸಂಗೀತ ಇಷ್ಟವಾ ಅಂತ ಯಾರೂ ಕೇಳಿರಲ್ಲ. ಅಕ್ಕನ ರೂಮಿಗಂತೂ ಯಾವ ಶೇಕಡಾವಾರೂ ನನ್ನ ಹತ್ತಿರ ಇಲ್ಲ. ಜರಡಿಯಿಂದ ಮಾಪ್ ಮಾಡೋ ಹೊತ್ತು ಎಷ್ಟು ಉಳಿಯಿತು ಅಂತ ಲೆಕ್ಕ ಹಾಕಿ ತೋರಿಸಬಹುದು. ತೋರಿಸಿದರೆ ಉಳಿದ ಹೊತ್ತಿಗೆ ಇನ್ನೊಂದು ಫ್ಲೋರನ್ನು ಅವರಿಗೇ ಕೊಡ್ತಾರೆ, ಅದೂ ಗೊತ್ತು.

ಇನ್ನೊಂದು ಕಡೆಯಿಂದ ಯೋಚಿಸಿದರೆ, ಲೆಕ್ಕ ತೋರಿಸಲ್ಲ ಅನ್ನೋ ನನ್ನ ಹಟಕ್ಕೆ ಬೆಲೆ ಕಟ್ಟೋರು ಯಾರು? ನಾನಂತೂ ಅಲ್ಲ, ನನಗೆ ಮೇಜಿದೆ, ಲಾಕರ್ ಇದೆ, ಮನೆಯಿಂದ ಕೆಲಸ ಮಾಡೋ ಎರಡು ದಿನ ಇದೆ. ರೂಮು ಸಿಗದಿದ್ದರೆ ಫೈರ್ ಎಕ್ಸಿಟ್ ಮೆಟ್ಟಿಲ ಮೇಲೆ ಇನ್ನೂ ಐದು ವರ್ಷ ಊಟ ಮಾಡೋದು ಅವರು. ತತ್ತ್ವ ನನ್ನದು, ಮೆಟ್ಟಿಲು ಅವರದ್ದು. ಇದು ಎಂಥ ನ್ಯಾಯ?

ಹಾಗಾಗಿ ಅಕ್ಕನನ್ನೇ ಕೇಳಿದೆ. ಕಂಪನಿಯವರಿಗೆ ಲಾಭ ಆಗುತ್ತೆ ಅಂತ ಹೇಳಿ ರೂಮು ಕೇಳಲಾ, ಅಥವಾ ನಿಮಗೆ ಕೊಡಬೇಕಾದ್ದು ಅಂತ ಕೇಳಲಾ ಅಂತ. ಇದೇನು ಪ್ರಶ್ನೆ ಅನ್ನೋ ಹಾಗೆ ನೋಡಿದರು. "ಯಾವ ಕಾರಣಕ್ಕಾದ್ರೂ ಕೊಡ್ಲಿ ಮೇಡಂ, ಅದ್ರಲ್ಲೇನೈತೆ. ಬಾಗ್ಲಿಗೆ ಚಿಲ್ಕ ಒಳಗಡೆ ಇರ್ಬೇಕು ಅಷ್ಟೇಯ. ಸೀರೆ ಬದಲಾಯಿಸ್ಬೇಕಾದ್ರೆ ಯಾರಾದ್ರೂ ಬಂದ್ಬುಡ್ತಾರೆ ಅಂತ ಒಬ್ರು ಬಾಗ್ಲಾಗೆ ನಿಂತ್ಕಬೇಕು ಈಗ." ಸ್ವಲ್ಪ ತಡೆದು, "ಆ ಜರಡಿ ಎಲ್ಲಿ ಮಡಗವ್ರೆ ಗೊತ್ತಾ ನಿಮ್ಗೆ? ನಂದೇ ಅದು, ಮನೆಯಿಂದ ತಂದಿದ್ದು," ಅಂದರು.

ಜರಡಿಯನ್ನು ಬೇಸ್‌ಮೆಂಟಿನಲ್ಲಿ ಹುಡುಕಿಸಿ ಕೊಟ್ಟಾಯಿತು. ಹೊಸ ಫ್ಲೋರಿನ ನಕ್ಷೆಯಲ್ಲಿ, ಲಿಫ್ಟ್ ಪಕ್ಕ, ಎಂಟಡಿಗೆ ಹತ್ತಡಿಯ ಒಂದು ರೂಮು ಕರಡಿನ ಮಟ್ಟಿಗೆ ಬಂದಿದೆ. ಪ್ರತಿ ರೂಮಿಗೂ ನಕ್ಷೆಯಲ್ಲಿ ಒಂದು ಹೆಸರು ಇರಲೇಬೇಕಂತೆ, ಬಜೆಟ್ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲದ್ದರಿಂದ ಸದ್ಯಕ್ಕೆ ಸ್ಟೋರ್ 2 ಅಂತ ಬರೆದಿದ್ದಾರೆ. ಒಳಚಿಲಕ ಸೇರಿಸಿ ಅಂತ ನಾನು ಕಳಿಸಿದ ಮೇಲಿಗೆ ಆರ್ಕಿಟೆಕ್ಟ್ ಕಡೆಯಿಂದ ಒಂದು ಸಾಲಿನ ಪ್ರಶ್ನೆ ಬಂದಿದೆ: ಸ್ಟೋರ್ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಯಾಕೆ? ಗುರುವಾರದೊಳಗೆ ಉತ್ತರ ಕೊಡಬೇಕು.